ಅಪ್‌ಡೇಟ್: ಎಡಗೈ ಬ್ಯಾಟರ್‌ಗಳನ್ನು ಎಲ್ಲಿ ಇಳಿಸಿದೆವು

ವಿರಾಜಪೇಟೆಯ ನಮ್ಮ ಬೇಸ್‌ಬಾಲ್ ತಂಡದಲ್ಲಿ ಎಡಗೈ ಬ್ಯಾಟರ್‌ಗಳು ಇಬ್ಬರೇ, ಎಡ-ಬಲ ಎರಡೂ ಕಡೆ ನಿಂತು ಹೊಡೆಯುವವನೊಬ್ಬ. ಬ್ಯಾಟಿಂಗ್ ಕ್ರಮ ಹೇಗಿರಲಿ ಅಂತ ಕೇಳಿದ್ದೆ. ಎಡ-ಬಲ ಬೆರೆಸಿ ಅಂದಿರಿ, ಹಾಗೇ ಮಾಡಿದೆವು.

ಚುರುಕಾಗಿ ಓಡುವ ಎಡಗೈ ಹುಡುಗ ಮೊದಲು. ಅವನು ನಿಲ್ಲುವ ಕಡೆಯಿಂದ ಮೊದಲ ಬೇಸ್ (ಹೊಡೆದವನು ಮೊದಲು ಓಡಿ ಮುಟ್ಟುವ ಜಾಗ) ಒಂದೆರಡು ಹೆಜ್ಜೆ ಹತ್ತಿರ. ಇನ್ನೊಬ್ಬ ನಾಲ್ಕನೆಯವನು. ಮೊದಲ ಬೇಸ್‌ನಲ್ಲಿ ನಮ್ಮ ಓಟಗಾರನಿದ್ದರೆ ಅಲ್ಲಿನ ಫೀಲ್ಡರ್ ಬೇಸ್ ಬಿಟ್ಟು ದೂರ ನಿಲ್ಲುವಂತಿಲ್ಲ, ಪಕ್ಕದಲ್ಲಿ ಸಂದು ಬೀಳುತ್ತದೆ. ಎಡಗೈಯವನು ಎಳೆದು, ಅಂದ್ರೆ ತಾನು ನಿಂತ ಕಡೆಗೇ, ಹೊಡೆದರೆ ಚೆಂಡು ಹೋಗುವುದೇ ಅಲ್ಲಿಗೆ! ಎರಡೂ ಕಡೆ ಆಡುವವನು ಏಳನೆಯವನು. ಎದುರಾಳಿಗಳು ಎಡಗೈ ಪಿಚರ್ (ಚೆಂಡು ಎಸೆಯುವವನು) ತಂದಾಗ ಸುಮ್ನೆ ಬಲಗಡೆ ಬಂದು ನಿಂತ.

ಉಳಿದವರೆಲ್ಲ ಯಾಕೆ ಬಲಗೈ ಅಂತ ಒಬ್ಬರು ಕೇಳಿದ್ದರು. ಕೊಡಗಿನ ಮಕ್ಕಳು ಮೊದಲು ಹಿಡಿಯುವುದು ಹಾಕಿ ಸ್ಟಿಕ್ ಅಲ್ವಾ, ಅದರಲ್ಲಿ ಎಡಗೈ ಸ್ಟಿಕ್ಕೇ ಇಲ್ಲ. ಅವರನ್ನು ಬದಲಿಸಲು ಹೋಗಲ್ಲ.