ಡಮ್ಮಿ ಎಷ್ಟರ ಮಟ್ಟಿಗೆ ಮನುಷ್ಯ? ಅದನ್ನು ಅಳೆಯೋದು ಹೇಗೆ?

ಕೊನೇಸೆಮ್: ಕ್ರ್ಯಾಶ್ ಟೆಸ್ಟ್‌ನಲ್ಲಿ ಡಮ್ಮಿಯ (ಕಾರಿನಲ್ಲಿ ಕೂರಿಸುವ ಮನುಷ್ಯಾಕಾರದ ಬೊಂಬೆ) ಎದೆ ಎಷ್ಟು ಮಿಲಿಮೀಟರ್ ತಗ್ಗಿತು ಅಂತ ನೋಡಿ ಕಾರಿಗೆ ಅಂಕ ಕೊಡುತ್ತಾರೆ. ನಮ್ಮ ಎದೆಯೂ ಅಷ್ಟೇ ತಗ್ಗುತ್ತದೆ ಅನ್ನೋದಕ್ಕೆ ಏನು ಆಧಾರ? ಬಯೋಫಿಡೆಲಿಟಿ, ಅಂದರೆ ಡಮ್ಮಿ ಮನುಷ್ಯನ ಮೈಯನ್ನು ಎಷ್ಟು ಹೋಲುತ್ತದೆ ಅನ್ನೋದನ್ನು ಅಂಕಿಯಲ್ಲಿ ಹೇಳಬಹುದಾ?

ಹಳೇಲ್ಯಾಬ್: ಹೇಳಬಹುದು. ಒಂಬತ್ತು ವರ್ಷ ಡಮ್ಮಿಗಳ ಕ್ಯಾಲಿಬ್ರೇಷನ್ ಮಾಡಿದವನು ನಾನು. ಹೈಬ್ರಿಡ್ 3 ಅನ್ನೋ ಡಮ್ಮಿಯ ತಲೆಯನ್ನು 376 ಮಿ.ಮೀ. ಎತ್ತರದಿಂದ ಬೀಳಿಸಿ, ಅದರ ವೇಗೋತ್ಕರ್ಷ 225ರಿಂದ 275 ಜಿ (ಗುರುತ್ವದ ಅಷ್ಟು ಪಟ್ಟು) ಒಳಗೆ ಬಂತಾ ಅಂತ ನೋಡುತ್ತಿದ್ದೆ. ಬಂದರೆ ಡಮ್ಮಿ ಮನುಷ್ಯನ ಹಾಗಿದೆ ಅಂತ ಬಹಳ ದಿನ ನಂಬಿದ್ದೆ. ತಪ್ಪು. ಅದು ಹೇಳೋದು ನಿನ್ನೆ ಇದ್ದ ಡಮ್ಮಿ ಇವತ್ತೂ ಹಾಗೇ ಇದೆ ಅಂತ, ಅಷ್ಟೇ.

ಮನುಷ್ಯನ ಲೆಕ್ಕ ಬೇರೆ ಕಡೆಯಿಂದ ಬರುತ್ತದೆ. 1970ರ ದಶಕದ ಶುರುವಿನಲ್ಲಿ ಶವಗಳ ಎದೆಗೆ ಭಾರದ ಸಿಲಿಂಡರಿನಿಂದ ಗುದ್ದಿ, ಬಲ ಎಷ್ಟು, ಎದೆ ತಗ್ಗಿದ್ದು ಎಷ್ಟು ಅಂತ ಗೆರೆ ಎಳೆದರು. ಒಬ್ಬೊಬ್ಬರದು ಒಂದೊಂದು ಗೆರೆ. ಎಲ್ಲವನ್ನೂ ಒಂದೇ ಮೈಕಟ್ಟಿಗೆ ಹೊಂದಿಸಿದರೆ ಒಂದು ಓಣಿ ಸಿಗುತ್ತದೆ. ಅದೇ ಕಾರಿಡಾರ್. ಡಮ್ಮಿಯ ಗೆರೆ ಓಣಿ ಬಿಟ್ಟು ಹೊರಗೆ ಹೋಗಬಾರದು.

ಪಕ್ಕದಿಂದ ಗುದ್ದುವ ಟೆಸ್ಟಿನ ಡಮ್ಮಿಗಳಿಗೆ ಐಎಸ್‌ಒ 9790 ಅನ್ನೋ ಅಂತರರಾಷ್ಟ್ರೀಯ ದಾಖಲೆಯ ಪ್ರಕಾರ 10ಕ್ಕೆ ಅಂಕ. ತಲೆ, ಕತ್ತು, ಭುಜ, ಎದೆ, ಹೊಟ್ಟೆ, ಸೊಂಟ ನೋಡಿ ಒಟ್ಟು ಹಾಕುತ್ತಾರೆ. 8.6 ದಾಟಿದರೆ ಅತ್ಯುತ್ತಮ, 2.6 ಮುಟ್ಟದಿದ್ದರೆ ನಪಾಸು. ನನಗೆ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಲೆಕ್ಕವೇ ಜಾಸ್ತಿ ಇಷ್ಟ. ಮನುಷ್ಯರಲ್ಲೇ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಏರುಪೇರಿನ ಎಷ್ಟು ಪಟ್ಟು ಡಮ್ಮಿ ದೂರ ಇದೆ ಅಂತ ಅದು ಕೇಳುತ್ತದೆ. 2ಕ್ಕಿಂತ ಕಡಿಮೆ ಬಂದರೆ, ಗುಂಪಿನಲ್ಲಿ ಅದೂ ಒಬ್ಬ ಮನುಷ್ಯ ಅಂತ ಸೇರಿಸಿಕೊಳ್ಳಬಹುದು!

ಕೊನೇಸೆಮ್: ಶವದ ಸ್ನಾಯು ಬಿಗಿಯಾಗಿರಲ್ಲ, ಅಲ್ವಾ ಸರ್?

ಹಳೇಲ್ಯಾಬ್: ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಎದೆಯ ಓಣಿಯನ್ನು ಸ್ನಾಯುವಿನ ಪಾಲು ಸೇರಿಸಿ ಸ್ವಲ್ಪ ಮೇಲಕ್ಕೆ ಎತ್ತಿದ್ದಾರೆ. ಬದುಕಿರುವ ಸ್ವಯಂಸೇವಕರನ್ನೂ ಕೂರಿಸುತ್ತಾರೆ, ಆದರೆ ನೋವಾಗದಷ್ಟು ಮೆಲ್ಲಗೆ ಗುದ್ದಬೇಕಲ್ಲ. ಜೋರಾಗಿ ಗುದ್ದಿದಾಗ ಬಿಗಿದ ಮೈ ಏನು ಮಾಡುತ್ತದೆ ಅನ್ನೋದು ಅಂದಾಜೇ.

ಗೇರುಬಾಕ್ಸು: ಹಾಗಾದರೆ ಒಳ್ಳೇ ಅಂಕ ಬಂದ ಡಮ್ಮಿಯನ್ನೇ ಎಲ್ಲ ಟೆಸ್ಟಿಗೂ ಕೂರಿಸಬಾರದಾ?

ಹಳೇಲ್ಯಾಬ್: ಕೂರಿಸಬಾರದು. ಹೈಬ್ರಿಡ್ 3 ಮುಂದಿನಿಂದ ಗುದ್ದುವ ಟೆಸ್ಟಿಗೆ ಮಾಡಿದ್ದು. ಹಿಂದಿನಿಂದ ಗುದ್ದಿದರೆ ಅದರ ಬೆನ್ನು ಕೋಲಿನ ಹಾಗೆ ನಿಲ್ಲುತ್ತದೆ. ಅದಕ್ಕೇ ಬೆನ್ನಿನಲ್ಲಿ 24 ಕಶೇರು (ಮೂಳೆಯ ಬಿಲ್ಲೆ) ಇರುವ ಬಯೋರಿಡ್ ಡಮ್ಮಿ ಬಂತು. ಯಾರಾದರೂ ಅಂಕ ಹೇಳಿದರೆ ಮೊದಲು ಕೇಳಿ: ಯಾವ ದಿಕ್ಕು, ಎಷ್ಟು ವೇಗ?