ಮಾತ್ರೆ ನುಂಗುತ್ತಿರುವಾಗಲೇ ಬಸುರಿಯಾದೆ, ಕೂಸಿಗೆ ಏನಾದರೂ ಆಗುತ್ತಾ? – ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ಮಂಡ್ಯ ಕಡೆಯ ಹಳ್ಳಿಯೊಂದರ ಓದುಗಿ ಬರೆದಿದ್ದರು. ಮೊದಲ ಮಗುವಿಗೆ ಮೂರು ವರ್ಷ. ಗರ್ಭ ತಡೆಯುವ ಮಾಲಾ-ಎನ್ ಮಾತ್ರೆ ನುಂಗುತ್ತಿದ್ದರು. ನಾದಿನಿ ಮದುವೆಯ ಓಡಾಟದಲ್ಲಿ ನಾಲ್ಕೈದು ಮಾತ್ರೆ ತಪ್ಪಿತು, ಆಮೇಲೆ ಮತ್ತೆ ಶುರು ಮಾಡಿದರು. ತಿಂಗಳಿಗೊಮ್ಮೆ ಸ್ವಲ್ಪ ಕಲೆ ಕಾಣುತ್ತಿದ್ದುದರಿಂದ ಮುಟ್ಟು ಅಂದುಕೊಂಡರು. ವಾಂತಿ ಜಾಸ್ತಿಯಾಗಿ ಕಿಟ್‌ನಲ್ಲಿ ನೋಡಿದರೆ ಎರಡು ಗೆರೆ. ಅಷ್ಟು ಹೊತ್ತಿಗೆ ಇನ್ನೆರಡು ಪಟ್ಟಿ ಮುಗಿದಿತ್ತು. ‘ಮಾತ್ರೆಯ ನಂಜು ಕೂಸಿಗೆ ಏರಿರುತ್ತೆ, ತೆಗೆಸಿಬಿಡು’ ಎನ್ನುತ್ತಾರೆ ಅತ್ತೆ. ಗಂಡ ಅಂಗಡಿಯಿಂದಲೇ ಮಾತ್ರೆ ತಂದುಕೊಡುತ್ತೇನೆ ಎನ್ನುತ್ತಾರೆ. ‘ನನಗೆ ಮಗು ಬೇಕು. ಆದರೆ ಊನ ಇರುವ ಮಗು ಹುಟ್ಟಿದರೆ ಅನ್ನೋ ಭಯ. ಏನು ಮಾಡಲಿ?’

*

ತಂಗೀ, ಉಳಿದಿರುವ ಮಾತ್ರೆ ಇವತ್ತೇ ನಿಲ್ಲಿಸು. ಬಸುರಿ ಅಂತ ಗೊತ್ತಾದ ಮೇಲೆ ಪಟ್ಟಿ ಮುಗಿಸಬೇಕು ಅಂತೇನಿಲ್ಲ. ಆದರೆ ಇಷ್ಟು ದಿನ ನುಂಗಿದ್ದಕ್ಕೆ ಹೆದರಿ ಅಳಬೇಡ.

ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡು. 21 ಬಿಳಿ ಮಾತ್ರೆ, 7 ಕಂದು ಮಾತ್ರೆ. ಕಂದು ಮಾತ್ರೆ ಬರೀ ಕಬ್ಬಿಣಾಂಶದ್ದು, ರಕ್ತಕ್ಕೆ ಒಳ್ಳೆಯದು. ಬಿಳಿ ಮಾತ್ರೆಯಲ್ಲಿ ಎರಡು ಹಾರ್ಮೋನು: ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ, ಎಥಿನೈಲ್ ಈಸ್ಟ್ರಡಯಾಲ್ 0.03 ಮಿಲಿಗ್ರಾಂ. ಇವು ಅಂಡ ಹೊರಗೆ ಬರದ ಹಾಗೆ ತಡೆಯುತ್ತವೆ, ಗರ್ಭಕೋಶದ ಬಾಯಿಯಲ್ಲಿರುವ ಲೋಳೆಯನ್ನು ಗಟ್ಟಿ ಮಾಡುತ್ತವೆ. ಆಗಲೇ ಕಟ್ಟಿರುವ ಗರ್ಭವನ್ನು ಇಳಿಸುವ ಕೆಲಸ ಇವಕ್ಕೆ ಬರಲ್ಲ.

ನನಗೆ ಚಿಂತೆ ಇರುವುದು ಬೇರೆ ವಿಷಯಕ್ಕೆ. ನಿನಗೆ ಎಷ್ಟನೇ ವಾರ ಅನ್ನೋದು ಯಾರಿಗೂ ಗೊತ್ತಿಲ್ಲ. ಕಂಡ ಕಲೆಯನ್ನು ಮುಟ್ಟು ಅಂತ ಲೆಕ್ಕ ಹಾಕಿದರೆ ಹೆರಿಗೆ ದಿನಾಂಕವೇ ತಪ್ಪಿಹೋಗುತ್ತದೆ. ಆಮೇಲೆ ಮಗು ಚೆನ್ನಾಗಿ ಬೆಳೆದಿದ್ದರೂ ‘ಬೆಳವಣಿಗೆ ಸಾಲದು’ ಅಂತಲೋ ‘ದಿನ ದಾಟಿತು’ ಅಂತಲೋ ಗಾಬರಿ. ಹಾಗಾಗಿ ಈ ವಾರವೇ ಸ್ಕ್ಯಾನ್ ಮಾಡಿಸು. ಮೊದಲ ತಿಂಗಳುಗಳಲ್ಲಿ ಮಗುವಿನ ಉದ್ದ ಅಳೆದು ವಾರ ಎಷ್ಟು ಅಂತ ಸರಿಯಾಗಿ ಹೇಳುತ್ತಾರೆ. ಗರ್ಭ ಚೀಲದಲ್ಲೇ ಇದೆಯಾ, ಅಂಡ ಬರುವ ನಾಳದಲ್ಲಿ ಕಟ್ಟಿದೆಯಾ ಅನ್ನೋದೂ ಅದರಲ್ಲೇ ಗೊತ್ತಾಗುತ್ತದೆ. ಹೊಟ್ಟೆಯ ಒಂದೇ ಕಡೆ ಜೋರು ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು, ಜೊತೆಗೆ ರಕ್ತ ಕಂಡರೆ ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡು. ಬೆಳಗಾಗಲಿ ಅಂತ ಕಾಯಬೇಡ.

ನಿಮ್ಮೂರ ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡಿಸು. ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡು. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರಿಂದ ಉಚಿತ ತಪಾಸಣೆ ಇರುತ್ತೆ. ಹೋದಾಗ ಮಾತ್ರೆ ವಿಷಯ ಮುಚ್ಚಿಡದೆ ಹೇಳು. ಪಟ್ಟಿಯನ್ನೂ ತಗೊಂಡು ಹೋಗು.

– ನಿವೃತ್ತ ಆರೋಗ್ಯ ಸಹಾಯಕಿ, ಮದ್ದೂರು

*

ನಿಮ್ಮ ಅತ್ತೆಯವರ ಭಯ ಸುಮ್ನೆ ಹುಟ್ಟಿದ್ದಲ್ಲ. 1940ರ ದಶಕದಿಂದ ಅಮೆರಿಕದಲ್ಲಿ ಗರ್ಭಪಾತ ಆಗದಿರಲಿ ಅಂತ ಬಸುರಿಯರಿಗೆ ಡಿಇಎಸ್ ಎಂಬ ಹಾರ್ಮೋನ್ ಔಷಧಿ ಕೊಡುತ್ತಿದ್ದರು. ಹಾಗೆ ಹುಟ್ಟಿದ ಕೆಲವು ಹೆಣ್ಣುಮಕ್ಕಳಿಗೆ ಹದಿಹರೆಯದಲ್ಲೇ ಅಪರೂಪದ ಕ್ಯಾನ್ಸರ್ ಬಂತು. 1971ರಲ್ಲಿ ಅಲ್ಲಿನ ಸರ್ಕಾರ ಬಸುರಿಯರಿಗೆ ಅದನ್ನು ಕೊಡಬೇಡಿ ಎಂದು ಎಚ್ಚರಿಸಿತು. ‘ಹಾರ್ಮೋನು ಅಂದರೆ ಮಗುವಿಗೆ ಕೇಡು’ ಎಂಬ ಮಾತಿಗೆ ಇಂಥ ಹಳೆಯ ನೋವೂ ಒಂದು ಕಾರಣ. ಆದರೆ ಆ ಔಷಧಿ ಬೇರೆ, ನೀವು ನುಂಗಿದ ಮಾತ್ರೆ ಬೇರೆ.

ಇವತ್ತಿನ ಮಾತ್ರೆಗಳ ಬಗ್ಗೆ ದೊಡ್ಡ ಲೆಕ್ಕ ಸಿಕ್ಕಿರುವುದು ಡೆನ್ಮಾರ್ಕ್‌ನಿಂದ. 1997ರಿಂದ 2011ರವರೆಗೆ ಅಲ್ಲಿ ಹುಟ್ಟಿದ ಸುಮಾರು 8.8 ಲಕ್ಷ ಮಕ್ಕಳ ದಾಖಲೆ ನೋಡಿದರು. ಅದು 2016ರಲ್ಲಿ ಪ್ರಕಟವಾಯಿತು. ಮಾತ್ರೆ ಮುಟ್ಟದ ತಾಯಂದಿರ ಮಕ್ಕಳಲ್ಲಿ ದೊಡ್ಡ ಊನ ಇದ್ದದ್ದು ಸಾವಿರಕ್ಕೆ ಸುಮಾರು 25. ಗರ್ಭ ನಿಂತ ಮೇಲೂ ಮಾತ್ರೆ ತಗೊಂಡಿದ್ದವರ ಮಕ್ಕಳಲ್ಲೂ ಸಾವಿರಕ್ಕೆ ಸುಮಾರು 25. ವ್ಯತ್ಯಾಸವೇ ಇಲ್ಲ.

ಆ 25ರ ಕಡೆಗೂ ಗಮನ ಇರಲಿ. ಯಾವ ಮಾತ್ರೆಯನ್ನೂ ಮುಟ್ಟದವರಿಗೂ ಅಷ್ಟು ಸಾಧ್ಯತೆ ಇದ್ದೇ ಇದೆ. ಆದ್ದರಿಂದ ಎಲ್ಲ ಬಸುರಿಯರ ಹಾಗೆ ನೀವೂ 11ರಿಂದ 14 ವಾರದೊಳಗಿನ ಸ್ಕ್ಯಾನ್, ಆಮೇಲೆ 18ರಿಂದ 20 ವಾರದ ಸ್ಕ್ಯಾನ್ ತಪ್ಪದೆ ಮಾಡಿಸಿ. ಮುಂದೆ ಏನೇ ಕಂಡರೂ ‘ಮಾತ್ರೆ ನುಂಗಿದ್ದಕ್ಕೇ ಹೀಗಾಯ್ತು’ ಅಂತ ನಿಮ್ಮನ್ನು ದೂರಲು ಯಾರಿಗೂ ಆಧಾರ ಇಲ್ಲ.

– ಉಪನ್ಯಾಸಕಿ, ಕುವೆಂಪುನಗರ, ಮೈಸೂರು

*

ನಾನು ಮಂಡ್ಯದಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದೇನೆ. ನಿಮ್ಮ ಯಜಮಾನರಿಗೆ ಎರಡು ಮಾತು ಹೇಳಲೇಬೇಕು.

ಸ್ವಾಮಿ, ಅಂಗಡಿಯಿಂದ ತರುತ್ತೇನೆ ಅನ್ನುತ್ತಿದ್ದೀರಲ್ಲ, ಆ ಗರ್ಭಪಾತದ ಕಿಟ್‌ನಲ್ಲಿರುವುದು ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್. ಚೀಟಿ ಇಲ್ಲದೆ ಅದನ್ನು ಮಾರುವ ಹಾಗೇ ಇಲ್ಲ. ಡಾಕ್ಟರ ನಿಗಾದಲ್ಲಿ, 9 ವಾರದೊಳಗೆ ಮಾತ್ರ ಕೊಡುವ ಔಷಧಿ ಅದು. ನಿಮ್ಮ ಮನೆಯವರಿಗೆ ವಾರವೇ ಗೊತ್ತಿಲ್ಲ. ವಾರ ಜಾಸ್ತಿಯಾಗಿದ್ದರೆ ರಕ್ತ ನಿಲ್ಲದೆ ಜೀವಕ್ಕೆ ಬರಬಹುದು. ನಾಳದಲ್ಲಿ ಗರ್ಭ ಕಟ್ಟಿದ್ದರೆ ಆ ಮಾತ್ರೆಯಿಂದ ಏನೂ ಆಗಲ್ಲ, ಒಳಗೆ ನಾಳ ಒಡೆದುಕೊಳ್ಳುವ ಅಪಾಯ ಹಾಗೇ ಉಳಿದಿರುತ್ತದೆ. ಅರ್ಧಂಬರ್ಧ ಆಗಿ ಗರ್ಭ ಉಳಿದುಬಿಟ್ಟರೆ, ಮಗುವಿಗೆ ಊನ ಮಾಡಬಲ್ಲದ್ದು ಈ ಮಿಸೊಪ್ರೊಸ್ಟಾಲೇ. ಮಾಲಾ-ಎನ್‌ಗೆ ಹೆದರಿ ಇದನ್ನು ಕೊಡಿಸಿದರೆ ಇಲ್ಲದ ಕಷ್ಟವನ್ನು ಮನೆಗೆ ತಂದ ಹಾಗೆ.

ನಿಮಗೂ ಒಂದು ಪ್ರಶ್ನೆ ತಾಯೀ. ಬೇರೆ ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದೀರಾ? ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆ ಗರ್ಭ ತಡೆಯುವ ಮಾತ್ರೆಯ ಶಕ್ತಿ ಕುಗ್ಗಿಸುತ್ತವೆ. ಫಿಟ್ಸ್‌ನ ವಾಲ್‌ಪ್ರೊಯೇಟ್, ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ ಇವು ನಿಜಕ್ಕೂ ಮಗುವಿಗೆ ಕೆಟ್ಟವು. ಅಂಥದ್ದಿದ್ದರೆ ತಕ್ಷಣ ಡಾಕ್ಟರಿಗೆ ಹೇಳಿ. ಆದರೆ ಫಿಟ್ಸ್ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಇನ್ನೊಂದು ಮಾತು ಎಲ್ಲ ಓದುಗಿಯರಿಗೆ. ಮಾದಪ್ಪನ ಬೆಟ್ಟಕ್ಕೆ ಹೊರಟೆವು, ಗೃಹಪ್ರವೇಶ ಇದೆ ಅಂತ ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ಕೇಳಿಕೊಂಡು ಬರುವವರು ಬಹಳ. ಅದು ನೊರೆಥಿಸ್ಟೆರಾನ್, 5 ಮಿಲಿಗ್ರಾಂನದು ದಿನಕ್ಕೆ ಮೂರು. ಅದನ್ನು ನಂಬಿ ಗರ್ಭ ನಿಲ್ಲಲ್ಲ ಅಂದುಕೊಳ್ಳಬೇಡಿ. ಹಿಂದೆ ಬಸುರಿಯರಿಗೆ ಇದನ್ನು ಜಾಸ್ತಿ ಪ್ರಮಾಣದಲ್ಲಿ ವಾರಗಟ್ಟಲೆ ಕೊಟ್ಟಾಗ ಹೆಣ್ಣು ಕೂಸುಗಳ ಜನನಾಂಗದಲ್ಲಿ ಗಂಡಿನ ಲಕ್ಷಣ ಕಂಡದ್ದು ದಾಖಲಾಗಿದೆ. ನಾಲ್ಕು ದಿನ ನುಂಗಿದವರು ಹೆದರಬೇಕಾಗಿಲ್ಲ. ಆದರೂ ಅನುಮಾನ ಇದ್ದರೆ ಮೊದಲು ಕಿಟ್‌ನಲ್ಲಿ ನೋಡಿ, ಆಮೇಲೆ ಮಾತ್ರೆ ಕೇಳಿ.

– ಔಷಧಿ ಅಂಗಡಿಯವರು, ಮಂಡ್ಯ

*

ನಾನು ವಂಕಿ (ಗರ್ಭ ತಡೆಯಲು ಗರ್ಭಕೋಶದೊಳಗೆ ಹಾಕುವ ಕಾಪರ್-ಟಿ) ಹಾಕಿಸಿಕೊಂಡಿದ್ದಾಗ ಗರ್ಭ ನಿಂತಿತು. ಮೊದಲು ತೋರಿಸಿದ ಕಡೆ ‘ಇರಲಿ ಬಿಡಿ’ ಅಂದರು. ಚೆಲುವಾಂಬ ಆಸ್ಪತ್ರೆಯಲ್ಲಿ ದಾರ ಕಾಣುತ್ತಿದೆ ಅಂತ ನೋಡಿ ಅವತ್ತೇ ತೆಗೆದರು. ವಂಕಿ ಒಳಗೇ ಉಳಿದರೆ ಗರ್ಭಪಾತ, ಸೋಂಕು ಆಗುವ ಅಪಾಯ ಜಾಸ್ತಿ ಅಂತ ಅಲ್ಲಿ ತಿಳಿಸಿ ಹೇಳಿದರು. ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ನುಂಗುವ ಮಾತ್ರೆ ಆದರೆ ನಿಲ್ಲಿಸಿದರೆ ಮುಗಿಯಿತು, ವಂಕಿ ಇರುವವರು ಮಾತ್ರ ತಡ ಮಾಡಬೇಡಿ.

– ಓದುಗಿ, ಇಲವಾಲ

*

ಇದು ಆ ಅತ್ತೆಯವರಿಗೆ. ಅಕ್ಕಾ, ನಾನೂ ಇಬ್ಬರು ಸೊಸೆಯಂದಿರ ಅತ್ತೆ. ಕೂಸಿನ ಮೇಲಿನ ಕಾಳಜಿಗೇ ನೀವು ಹಾಗೆ ಅಂದಿರಿ ಅಂತ ನನಗೆ ಗೊತ್ತು. ಆದರೆ ‘ತೆಗೆಸಿಬಿಡು’ ಅನ್ನೋ ಮಾತು ಬಸುರಿ ಹೆಂಗಸಿನ ಎದೆಗೆ ನಾಟುತ್ತದೆ. ಆ ಹುಡುಗಿ ಮಗು ಬೇಕು ಅನ್ನುತ್ತಿದ್ದಾಳೆ. ಬೇಡ ಅಂದಿದ್ದರೂ ಅದು ಅವಳು ಹೇಳಬೇಕಾದ ಮಾತು. ಕಾನೂನಿನಲ್ಲೂ ಪ್ರಾಯಕ್ಕೆ ಬಂದ ಹೆಂಗಸಿನ ಒಪ್ಪಿಗೆ ಮಾತ್ರ ಸಾಕು, ಗಂಡನದ್ದೂ ಬೇಕಿಲ್ಲ, ಅತ್ತೆಯದ್ದೂ ಬೇಕಿಲ್ಲ. ಅದೂ ಮಾನ್ಯತೆ ಇರುವ ಆಸ್ಪತ್ರೆಯಲ್ಲೇ ಆಗಬೇಕು. ನಮ್ಮ ಜಿಲ್ಲೆಯಲ್ಲೇ 2023ರಲ್ಲಿ ಆಲೆಮನೆಯೊಳಗೆ ಕೂಸು ಹೆಣ್ಣೋ ಗಂಡೋ ಅಂತ ಕದ್ದು ಸ್ಕ್ಯಾನ್ ಮಾಡಿ, ಹೆಣ್ಣಾದರೆ ತೆಗೆಸುತ್ತಿದ್ದ ಜಾಲ ಸಿಕ್ಕಿಬಿತ್ತು. ಅಂಥವರ ಕೈಗೆ ಹೆಣ್ಣುಮಕ್ಕಳನ್ನು ಒಪ್ಪಿಸಬಾರದು. ಈಗ ಅವಳಿಗೆ ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಆಗೋ ಹಾಗೆ ನೋಡಿಕೊಳ್ಳಿ. ಸ್ಕ್ಯಾನಿಂಗ್ ದಿನ ನೀವೂ ಜೊತೆಗೆ ಹೋಗಿ, ನಿಮ್ಮ ಅನುಮಾನವನ್ನು ಡಾಕ್ಟರ ಹತ್ತಿರವೇ ಕೇಳಿ.

– ಓದುಗಿ, ಪಾಂಡವಪುರ

*

ಹೆರಿಗೆ ಆದ ಮೇಲೆ ಗರ್ಭ ತಡೆಯಲು ಏನು ಅನ್ನೋದನ್ನು ಈಗಲೇ ಯೋಚಿಸಿ. ಎದೆಹಾಲು ಕುಡಿಸುವಾಗ ಮೊದಲ ಆರು ತಿಂಗಳು ಮಾಲಾ-ಎನ್ ಬೇಡ. ದಿನಾ ನೆನಪಿಟ್ಟುಕೊಳ್ಳುವುದು ಕಷ್ಟ ಅಂದರೆ ಹೆರಿಗೆಯಾದ 48 ಗಂಟೆಯೊಳಗೆ ವಂಕಿ ಹಾಕಿಸಿಕೊಳ್ಳಬಹುದು. ಆರು ವಾರದ ನಂತರ ಅಂತರಾ ಇಂಜೆಕ್ಷನ್ ಇದೆ, ಮೂರು ತಿಂಗಳಿಗೊಮ್ಮೆ. ಛಾಯಾ ಮಾತ್ರೆಯಲ್ಲಿ ಹಾರ್ಮೋನೇ ಇಲ್ಲ, ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಸರ್ಕಾರಿ ಆಸ್ಪತ್ರೆಯಲ್ಲಿ ಇವೆಲ್ಲ ಉಚಿತ. ಕೊನೆಯ ತಿಂಗಳ ತಪಾಸಣೆಗೆ ಹೋದಾಗ ಯಾವುದು ಬೇಕು ಅಂತ ಡಾಕ್ಟರಿಗೆ ಹೇಳಿಡಿ.

– ಆಶಾ ಕಾರ್ಯಕರ್ತೆ, ಶ್ರೀರಂಗಪಟ್ಟಣ