ಅನ್‌ಮ್ಯಾಚ್ಡ್: ಈ ಬೋರ್ಡ್ ಆಟದ ಮುಂದಿನ ಪೆಟ್ಟಿಗೆ ಯಾವುದು? ಅನುಭವ ಹೇಳಿ

ಬಸವನಗುಡಿಯಿಂದ: ಕಥೆಗಳ ನಾಯಕರು ಕಾರ್ಡುಗಳಿಂದ ಕಾದಾಡುವ ಈ ಆಟದ 2019ರ ಮೊದಲ ಸಂಪುಟ ನಮ್ಮಲ್ಲಿದೆ. ಹತ್ತು ವರ್ಷದ ಮಗಳು ಅದರ ನಾಯಕಿ ಮೆಡುಸಾಳನ್ನು ಬಿಟ್ಟುಕೊಡುವುದಿಲ್ಲ, ನಾನು ಗೆಲ್ಲುವುದಿಲ್ಲ. ಒಂದೇ ಪೆಟ್ಟಿಗೆಗೆ ಹಣವಿದೆ. ‘ಕಾಬಲ್ ಆ್ಯಂಡ್ ಫಾಗ್’ ಕೊಳ್ಳಲೇ, ಎರಡನೇ ಸಂಪುಟ ಕೊಳ್ಳಲೇ?

ರಾಜಾಜಿನಗರದಿಂದ: ನಾನು ಕಾಬಲ್ ಆ್ಯಂಡ್ ಫಾಗ್ ಹೊರದೇಶದಿಂದ ತರಿಸಿದೆ. ಪೆಟ್ಟಿಗೆಗೆ 4,150, ಸಾಗಣೆಗೆ 1,900, ಸುಂಕವೆಂದು ಬಾಗಿಲಲ್ಲೇ 2,260. ಒಟ್ಟು 8,310 ರೂಪಾಯಿ. ಇಪ್ಪತ್ತಾರು ದಿನ ಕಾದ ಮೇಲೆ ಬಂದದ್ದು ಮೂಲೆ ಜಜ್ಜಿದ ಪೆಟ್ಟಿಗೆ. ಮಾರಿದವರು ಫೋಟೊ ಕೇಳಿದರು, ಕಳಿಸಿದೆ; ಮತ್ತೆ ಉತ್ತರವಿಲ್ಲ. ಆದರೂ ನನಗೆ ಪಶ್ಚಾತ್ತಾಪವಿಲ್ಲ. ಅದರಲ್ಲಿರುವ ಹೋಮ್ಸ್‌ ಮತ್ತು ವಾಟ್ಸನ್ನರ ಕಾರ್ಡಿನ ಪರಿಣಾಮವನ್ನು ಎದುರಾಳಿ ರದ್ದು ಮಾಡುವಂತಿಲ್ಲ. ಎದುರಾಳಿಯ ಕಾರ್ಡಿನ ಪರಿಣಾಮ ರದ್ದು ಮಾಡುವ ಫೇಂಟ್ ಕಾರ್ಡನ್ನೇ ನಂಬಿ ಆಡುವ ನನ್ನ ತಮ್ಮ ಅಂದು ಮೂರು ಆಟ ಸಾಲಾಗಿ ಸೋತ.

ಹನುಮಂತನಗರದಿಂದ: ಅಷ್ಟು ಸುರಿಯುವ ಅಗತ್ಯವೇ ಇರಲಿಲ್ಲ ಸಾರ್. ಊರು ಬಿಟ್ಟು ಹೊರಟಿದ್ದವರಿಂದ ಎರಡನೇ ಸಂಪುಟವನ್ನು 3,200ಕ್ಕೆ ಕೊಂಡೆ. ನನಗೆ ಪೆಟ್ಟು ಬಿದ್ದದ್ದು ಕಾರ್ಡು ಕಾಯುವ ಪ್ಲಾಸ್ಟಿಕ್ ಹೊದಿಕೆಯಾದ ಸ್ಲೀವ್‌ನಲ್ಲಿ. ನಾಲ್ವರು ನಾಯಕರು, ಒಬ್ಬೊಬ್ಬರಿಗೆ 30ರಂತೆ 120 ಕಾರ್ಡು; ಸ್ಲೀವ್ ಐವತ್ತರ ಕಟ್ಟು, ಮೂರು ಕಟ್ಟು ತಂದೆ. ಅಗಲ ಎರಡು ಮಿಲಿಮೀಟರ್ ಸಾಲದು. ತೆರೆದ ಕಟ್ಟನ್ನು ಅಂಗಡಿಯವರು ವಾಪಸು ಪಡೆಯಲಿಲ್ಲ. 540 ರೂಪಾಯಿ ಮಣ್ಣುಪಾಲಾಯಿತು, ಮತ್ತೆ 600 ತೆತ್ತೆ.

ರಾಜಾಜಿನಗರದಿಂದ: ಸ್ಲೀವ್ ಏಕೆ? ಕೈ ತೊಳೆದುಕೊಂಡು ಆಡಿದರೆ ಸಾಕು.

ಹನುಮಂತನಗರದಿಂದ: ನಿಮ್ಮದು ಮಹಡಿಯ ಮನೆ ಇರಬೇಕು. ನಮ್ಮದು ನೆಲಮಟ್ಟ. ಆಗಸ್ಟ್ ಮಳೆಗೆ ಗೋಡೆ ಬೆವರಿ ಮೊದಲ ಸಂಪುಟದ ಸಿಂದಬಾದನ ಕಾರ್ಡುಗಳೆಲ್ಲ ಹಪ್ಪಳದಂತೆ ಬಾಗಿದವು. ಆ ನೋವು ಉಂಡವರಿಗೆ ಗೊತ್ತು.

ವಿಜಯನಗರದಿಂದ: ನಾನು ಅವೆನ್ಯೂ ರಸ್ತೆಯ ಬಳಿ ಲಗ್ನಪತ್ರಿಕೆ ಮುದ್ರಿಸುವವರಲ್ಲಿ ದಪ್ಪ ಕಾಗದದ ಮೇಲೆ ಆಟದ ಕಾರ್ಡುಗಳ ನಕಲನ್ನು 1,050ಕ್ಕೆ ಮಾಡಿಸಿಕೊಂಡೆ. ಬೆನ್ನಿನ ಬಣ್ಣ ಹಾಳೆಯಿಂದ ಹಾಳೆಗೆ ಬೇರೆಯಾಯಿತು. ಬೆನ್ನು ನೋಡಿಯೇ ಗೆಳೆಯ ಕಾರ್ಡು ಹೇಳತೊಡಗಿದ. ಎಲ್ಲವನ್ನೂ ಇನ್ನೊಮ್ಮೆ ಮುದ್ರಿಸಬೇಕಾಯಿತು.

ರಾಜಾಜಿನಗರದಿಂದ: ಅದು ಕಳ್ಳತನ. ಆ ಚಿತ್ರ ಬರೆದವರ ಕೂಲಿಯನ್ನು ನೀವು ಕೊಡಲಿಲ್ಲ.

ವಿಜಯನಗರದಿಂದ: ಎಂಟು ಸಾವಿರ ಇಲ್ಲದವನು ಆಡಲೇಬಾರದೆ?

ರಾಜಾಜಿನಗರದಿಂದ: ಆಡಲಿ. ನಮ್ಮ ರಸ್ತೆಯಲ್ಲಿ ನಾಲ್ವರು ಹಣ ಕೂಡಿಸಿ ಒಂದು ಪೆಟ್ಟಿಗೆ ಇಟ್ಟುಕೊಂಡಿದ್ದಾರೆ.

ವಿಜಯನಗರದಿಂದ: ನಮ್ಮ ರಸ್ತೆಯಲ್ಲಿ ಆಡುವವನು ನಾನೊಬ್ಬನೇ. ಯಾರೊಂದಿಗೆ ಕೂಡಿಸಲಿ?

ಬಸವನಗುಡಿಯಿಂದ: ಮೆಡುಸಾಳ ಎದುರು ಯಾರು ನಿಲ್ಲುತ್ತಾರೆ ಎಂದು ಯಾರಾದರೂ ಹೇಳುತ್ತೀರಾ? ಸರದಿ ಶುರುವಾದ ಕೂಡಲೇ ತನ್ನ ವಲಯದಲ್ಲಿ, ಅಂದರೆ ಹಲಗೆಯ ಒಂದೇ ಬಣ್ಣದ ಮನೆಗಳಲ್ಲಿ, ಇರುವ ಎದುರಾಳಿಯೊಬ್ಬರಿಗೆ ಒಂದು ಪೆಟ್ಟು ಕೊಡುತ್ತಾಳೆ.

ಹನುಮಂತನಗರದಿಂದ: ಎರಡನೇ ಸಂಪುಟದ ನಾಯಕಿ ಯೆನ್ನೆಂಗಾ. ಅವಳಿಗೆ ಬೀಳುವ ಪೆಟ್ಟನ್ನು ಅದೇ ವಲಯದಲ್ಲಿರುವ ಅವಳ ಬಿಲ್ಲುಗಾರರ ಮೇಲೆ ಹಾಕಬಹುದು. ಬಿಲ್ಲುಗಾರರನ್ನು ದೂರ ಬಿಟ್ಟು ನಾನು ಎರಡು ಆಟ ಕಳೆದುಕೊಂಡಿದ್ದೇನೆ, ಹತ್ತಿರ ಇಟ್ಟುಕೊಳ್ಳಿ. ಎರಡನೇ ಸಂಪುಟವನ್ನೇ ಕೊಳ್ಳಿ. ಸ್ಲೀವ್ ಕೊಳ್ಳುವಾಗ ಒಂದು ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಹಾಕಿ ನೋಡಿ.

ರಾಜಾಜಿನಗರದಿಂದ: ಜೇಬಿನಲ್ಲೇ? ಆಟದ ಕಾರ್ಡನ್ನು ಮಡಚಿ ಹಾಳು ಮಾಡಲು ಹೇಳಿಕೊಡುತ್ತಿದ್ದೀರಿ.